ನಲವತ್ತರ ನಂತರ ಮುಟ್ಟು ತಪ್ಪತೊಡಗಿದಾಗ ಮಾಡಬೇಕಾದದ್ದು

ನಲವತ್ತು ದಾಟಿದ ಹೆಂಗಸಿಗೆ ಎರಡು ತಿಂಗಳು ಮುಟ್ಟಾಗದಿದ್ದರೆ ಮನೆಯಲ್ಲಿ ಕಳವಳ ಶುರುವಾಗುತ್ತದೆ. ಅದೇ ಹೆಂಗಸಿಗೆ ಮೂರನೆಯ ತಿಂಗಳು ಹತ್ತು ಹನ್ನೆರಡು ದಿನ ಗೆಡ್ಡೆಗೆಡ್ಡೆಯಾಗಿ ರಕ್ತ ಹೋದರೆ, ‘ನಿಲ್ಲೋ ಮುಂಚೆ ಹೀಗೇ ಆಗೋದು, ಕೆಟ್ಟ ರಕ್ತ ಹೋಗ್ಲಿ ಬಿಡು’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ವೈದ್ಯಕೀಯವಾಗಿ ನೋಡಿದರೆ ಈ ಕಳವಳ ಮತ್ತು ಈ ಸಮಾಧಾನ ಎರಡೂ ಅದಲುಬದಲಾಗಿವೆ. ಈ ವಯಸ್ಸಿನಲ್ಲಿ ಮುಟ್ಟು ತಪ್ಪುವುದು ಹೆಚ್ಚಿನ ಪಾಲು ಸಹಜ. ಅತಿಯಾಗಿ ಹೋಗುವುದನ್ನು ಮಾತ್ರ ಸಹಜವೆಂದು ಸುಮ್ಮನೆ ಬಿಡುವಂತಿಲ್ಲ. ಯಾವುದನ್ನು ಕಾದು ನೋಡಬಹುದು, ಯಾವುದನ್ನು ಪರೀಕ್ಷೆ ಮಾಡಿಸಬೇಕು, ಯಾವುದಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ತಿಳಿಸುವುದು ಈ ಬರಹದ ಉದ್ದೇಶ.

ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟಾಗದೆ ಇದ್ದರೆ ಅದನ್ನು ಋತುಬಂಧ ಅಥವಾ ಮೆನೋಪಾಸ್ ಎನ್ನುತ್ತಾರೆ. ಅದಕ್ಕೆ ಮುಂಚಿನ, ಮುಟ್ಟು ಏರುಪೇರಾಗುವ ಅವಧಿಯೇ ಪೆರಿಮೆನೋಪಾಸ್. ಇದು ಸಾಮಾನ್ಯವಾಗಿ ನಾಲ್ಕು ವರ್ಷ ಇರುತ್ತದೆ. ಕೆಲವರಿಗೆ ಒಂದೆರಡು ವರ್ಷದಲ್ಲಿ ಮುಗಿಯುತ್ತದೆ, ಕೆಲವರಿಗೆ ಎಂಟು ವರ್ಷವೂ ಎಳೆಯುತ್ತದೆ. ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸಾದರೆ ಭಾರತದಲ್ಲಿ ಅದು 46–47. ಆದ್ದರಿಂದ ನಮ್ಮ ಹೆಂಗಸರಲ್ಲಿ ನಲವತ್ತೊಂದು, ನಲವತ್ತೆರಡಕ್ಕೇ ಏರುಪೇರು ಕಾಣಿಸಿಕೊಂಡರೆ ಅದು ಅಕಾಲಿಕವೇನಲ್ಲ. ಇಂಗ್ಲಿಷ್ ಪತ್ರಿಕೆಗಳಲ್ಲಿ ಐವತ್ತರ ಲೆಕ್ಕ ಓದಿ ‘ನನಗೆ ಇನ್ನೂ ವಯಸ್ಸಾಗಿಲ್ಲ’ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಒಳಗೆ ನಡೆಯುತ್ತಿರುವುದೇನು

ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10–20 ಲಕ್ಷ ಅಂಡಕೋಶಿಕೆಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಅವು 3–4 ಲಕ್ಷಕ್ಕೆ ಇಳಿದಿರುತ್ತವೆ, ಮುಟ್ಟು ನಿಲ್ಲುವ ಹೊತ್ತಿಗೆ ಉಳಿಯುವುದು ಸಾವಿರದಷ್ಟು. ಕೋಶಿಕೆಗಳು ಕಡಿಮೆಯಾದಂತೆ ಅವು ಸ್ರವಿಸುವ ಇನ್ಹಿಬಿನ್ ಎಂಬ ಹಾರ್ಮೋನ್ ಕೂಡ ಕಡಿಮೆಯಾಗುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಇದುವರೆಗೆ ಕಡಿವಾಣ ಹಾಕುತ್ತಿದ್ದದ್ದು ಈ ಇನ್ಹಿಬಿನ್. ಅದು ಸಡಿಲವಾದ ಕೂಡಲೇ ಗ್ರಂಥಿಯು ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚುಹೆಚ್ಚಾಗಿ ಬಿಡುಗಡೆ ಮಾಡಿ ಅಂಡಾಶಯವನ್ನು ಒತ್ತಾಯಿಸತೊಡಗುತ್ತದೆ. ಒತ್ತಾಯಕ್ಕೆ ಅಂಡಾಶಯ ಒಂದೊಂದು ತಿಂಗಳು ಅತಿಯಾಗಿ ಸ್ಪಂದಿಸುತ್ತದೆ, ಒಂದೊಂದು ತಿಂಗಳು ಸ್ಪಂದಿಸುವುದೇ ಇಲ್ಲ.

ಹೀಗಾಗಿ ನಲವತ್ತು ದಾಟಿದ ಕೂಡಲೇ ಅಂಡಾಶಯ ತಯಾರಿಸುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿಯುತ್ತಾ ಹೋಗುತ್ತದೆ ಎಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. ಪೆರಿಮೆನೋಪಾಸಿನ ಮೊದಲ ವರ್ಷಗಳಲ್ಲಿ ಅದು ಇಳಿಯುವುದಕ್ಕಿಂತ ಹೊಯ್ದಾಡುವುದೇ ಹೆಚ್ಚು, ಮತ್ತು ಕೆಲವು ತಿಂಗಳು ಇಪ್ಪತ್ತೈದರ ವಯಸ್ಸಿನಲ್ಲಿ ಇದ್ದದ್ದಕ್ಕಿಂತಲೂ ಮೇಲೇರಬಹುದು. ಸ್ತನ ಬಿಗಿದು ನೋಯುವುದು, ಹೊಟ್ಟೆ ಉಬ್ಬರಿಸುವುದು, ತಲೆನೋವು ಹೆಚ್ಚುವುದು ಆ ಏರಿಕೆಯ ಕಾಲದ ತೊಂದರೆಗಳು. ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು ಇಳಿಕೆಯ ಕಾಲದ್ದು. ಇವೆರಡೂ ಒಂದೇ ತಿಂಗಳಲ್ಲಿ ಬಂದರೂ ಆಶ್ಚರ್ಯಪಡಬೇಕಾಗಿಲ್ಲ.

ನಿಜವಾಗಿ ಮೊದಲು ಕೈಕೊಡುವುದು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್. ಅಂಡ ಬಿಡುಗಡೆಯಾದ ತಿಂಗಳಿನಲ್ಲಿ ಮಾತ್ರ ಇದು ಸಾಕಷ್ಟು ಪ್ರಮಾಣದಲ್ಲಿ ತಯಾರಾಗುತ್ತದೆ. ಗರ್ಭಕೋಶದ ಒಳಪದರವನ್ನು ಬೆಳೆಸುವುದು ಈಸ್ಟ್ರೋಜನ್ನಿನ ಕೆಲಸ, ಆ ಬೆಳವಣಿಗೆಯನ್ನು ಹಿಡಿತದಲ್ಲಿಟ್ಟು ತಿಂಗಳ ಕೊನೆಯಲ್ಲಿ ಅದು ಒಮ್ಮೆಲೇ ಕಳಚಿಕೊಳ್ಳುವಂತೆ ಮಾಡುವುದು ಪ್ರೊಜೆಸ್ಟರಾನಿನ ಕೆಲಸ. ಅಂಡ ಬಿಡುಗಡೆಯಾಗದಿದ್ದರೆ ಪದರ ಬೆಳೆಯುತ್ತಲೇ ಹೋಗುತ್ತದೆ, ಮುಟ್ಟಿನ ದಿನ ದಾಟುತ್ತದೆ, ಒಂದೂವರೆಯೋ ಎರಡೂವರೆಯೋ ತಿಂಗಳಾದ ಮೇಲೆ ದಪ್ಪಗಾದ ಆ ಪದರ ತನ್ನ ಭಾರಕ್ಕೆ ತಾನೇ ತುಂಡುತುಂಡಾಗಿ ಕಳಚಿಕೊಳ್ಳುತ್ತದೆ. ಮುಟ್ಟು ತಪ್ಪಿದ ಹಿಂದೆಯೇ ವಿಪರೀತವಾಗಿ ಹೋಗುವುದಕ್ಕೆ ಕಾರಣ ಇದು. ಕೆಟ್ಟ ರಕ್ತ ಎಂಬುದು ಇಲ್ಲ. ಹೋಗುತ್ತಿರುವುದು ಒಳ್ಳೆಯ ರಕ್ತವೇ, ಅದರ ಜೊತೆಗೆ ಮೈಯಲ್ಲಿನ ಕಬ್ಬಿಣಾಂಶವೂ.

ಮೊದಲು ಗರ್ಭವಲ್ಲ ಎಂದು ಖಚಿತಪಡಿಸಿಕೊಳ್ಳಿ

ವಯಸ್ಸು ನಲವತ್ತೇಳಾಗಿದ್ದರೂ, ಮಗಳಿಗೆ ಮದುವೆಯಾಗಿದ್ದರೂ, ಲೈಂಗಿಕ ಸಂಪರ್ಕವಿದ್ದರೆ ಮುಟ್ಟು ತಪ್ಪಿದಾಗ ಮಾಡಬೇಕಾದ ಮೊದಲ ಕೆಲಸ ಮೂತ್ರ ಪರೀಕ್ಷೆ. ಅಂಡ ಬಿಡುಗಡೆ ಅಪರೂಪವಾಗಿದೆಯೇ ಹೊರತು ನಿಂತಿಲ್ಲ. ಸಂಕೋಚಪಟ್ಟು ಮುಂದೂಡುವವರೇ ಹೆಚ್ಚು, ಆದರೆ ಮುಂದೂಡಿದಷ್ಟೂ ಆಯ್ಕೆಗಳು ಕಡಿಮೆಯಾಗುತ್ತವೆ. ಮೆಡಿಕಲ್ ಶಾಪಿನಲ್ಲಿ ಕಿಟ್ ಸಿಗುತ್ತದೆ. ಅಂಗಡಿಯಲ್ಲಿ ಕೇಳಲು ಮುಜುಗರವಾದರೆ ಆಶಾ ಕಾರ್ಯಕರ್ತೆಯರ ಬಳಿ ಸರ್ಕಾರದ ‘ನಿಶ್ಚಯ್’ ಕಿಟ್ ಇರುತ್ತದೆ. ಬೆಳಗಿನ ಮೊದಲ ಮೂತ್ರವನ್ನು ಒಣಗಿದ ಶುಭ್ರ ಬಟ್ಟಲಿನಲ್ಲಿ ಹಿಡಿದು, ಕಿಟ್ಟಿನಲ್ಲಿರುವ ಡ್ರಾಪರಿನಿಂದ ಚೀಟಿಯಲ್ಲಿ ಹೇಳಿದಷ್ಟು ಹನಿ ಹಾಕಿ, ಹೇಳಿದಷ್ಟು ನಿಮಿಷವೇ ಕಾದು ನೋಡಬೇಕು. ಎರಡನೆಯ ಗೆರೆ ಎಷ್ಟೇ ಮಸುಕಾಗಿದ್ದರೂ ಅದನ್ನು ಗರ್ಭವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದೇ ಗೆರೆ ಬಂದು ಮುಟ್ಟು ಇನ್ನೂ ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು.

ಕರ್ನಾಟಕದಲ್ಲಿ ಈ ವಯಸ್ಸಿನ ಹೆಂಗಸರಲ್ಲಿ ಬಹುಪಾಲು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುತ್ತಾರೆ. ಆಪರೇಷನ್ ಆದವರಿಗೆ ಗರ್ಭ ನಿಲ್ಲುವುದು ಬಹಳ ಅಪರೂಪ, ನಿಜ. ಆದರೆ ಅಪರೂಪಕ್ಕೆ ನಿಂತಾಗ ಅದು ಗರ್ಭಕೋಶದ ಒಳಗಲ್ಲದೆ ಗರ್ಭನಾಳದಲ್ಲಿ ನಿಲ್ಲುವ ಸಂಭವ ಹೆಚ್ಚು. ಮುಟ್ಟು ತಪ್ಪಿದ ಮೇಲೆ ಕಿಬ್ಬೊಟ್ಟೆಯ ಒಂದೇ ಕಡೆ ತೀವ್ರ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಕಾಣಿಸಿಕೊಂಡರೆ ಮನೆಯಲ್ಲಿ ಕಷಾಯ ಕುಡಿದು ಮಲಗುವ ಹೊತ್ತಲ್ಲ ಅದು, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಗರ್ಭ ಬೇಡವೆಂದಾದರೂ ಅಂಗಡಿಯಿಂದ ಮಾತ್ರೆ ತರಿಸಿ ನುಂಗಬಾರದು. ಗರ್ಭ ಎಲ್ಲಿ ನಿಂತಿದೆ ಎಂದು ಸ್ಕ್ಯಾನಿನಲ್ಲಿ ನೋಡದೆ ಆ ಮಾತ್ರೆ ತೆಗೆದುಕೊಳ್ಳುವುದು ಪ್ರಾಣಕ್ಕೇ ಅಪಾಯ.

ಗರ್ಭನಿರೋಧಕವನ್ನು ಯಾವಾಗ ನಿಲ್ಲಿಸಬಹುದು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಕೊನೆಯ ಮುಟ್ಟು ಐವತ್ತರ ಒಳಗೆ ಆಗಿದ್ದರೆ ಅಲ್ಲಿಂದ ಎರಡು ವರ್ಷ, ಐವತ್ತರ ನಂತರ ಆಗಿದ್ದರೆ ಒಂದು ವರ್ಷ ಮುಂದುವರಿಸಬೇಕು. ಕಾಪರ್ ಟಿ ಹಾಕಿಸಿಕೊಂಡು ಮರೆತೇಬಿಟ್ಟವರು ಋತುಬಂಧವಾದ ಮೇಲೆ ಅದನ್ನು ತೆಗೆಸಲು ಮರೆಯಬಾರದು.

ಕ್ಯಾಲೆಂಡರಿನಲ್ಲಿ ಬರೆದಿಡುವ ಬಗೆ

ವೈದ್ಯರು ಕೇಳುವ ಮೊದಲ ಪ್ರಶ್ನೆ ‘ಹಿಂದಿನ ಸಲ ಮುಟ್ಟಾದದ್ದು ಯಾವಾಗ’ ಎಂಬುದು. ‘ಯುಗಾದಿ ಆದಮೇಲೆ, ಮಂಗಳವಾರವೋ ಶುಕ್ರವಾರವೋ’ ಎಂಬ ಉತ್ತರದಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆಯುವ ಗೋಡೆ ಕ್ಯಾಲೆಂಡರೇ ಇದಕ್ಕೂ ಸಾಕು; ಎಲ್ಲರಿಗೂ ಕಾಣುತ್ತದೆ ಎಂಬ ಸಂಕೋಚವಿದ್ದರೆ ಕೈಚೀಲದಲ್ಲಿಡುವ ಪುಟ್ಟ ಡೈರಿ ಅಥವಾ ಮೊಬೈಲಿನ ಆ್ಯಪ್ ಆದೀತು. ಆ್ಯಪ್‌ಗಳ ಬಗ್ಗೆ ಒಂದು ಮಾತು: ಮುಂದಿನ ಮುಟ್ಟಿನ ದಿನವನ್ನು ಅವು ಹಿಂದಿನ ತಿಂಗಳುಗಳ ಸರಾಸರಿಯಿಂದ ಊಹಿಸುತ್ತವೆ. ಪೆರಿಮೆನೋಪಾಸಿನಲ್ಲಿ ಸರಾಸರಿಗೇ ಅರ್ಥವಿಲ್ಲದ ಕಾರಣ ಆ ಊಹೆಯನ್ನು ನಂಬಿ ‘ಸುರಕ್ಷಿತ ದಿನ’ಗಳ ಲೆಕ್ಕ ಹಾಕಬಾರದು.

ಬರೆಯಬೇಕಾದದ್ದು ಹೆಚ್ಚೇನಿಲ್ಲ. ರಕ್ತ ಕಾಣಿಸಿಕೊಂಡ ಮೊದಲ ದಿನಕ್ಕೆ ಒಂದು ಸುತ್ತು, ನಿಂತ ದಿನಕ್ಕೆ ಒಂದು ಗೀಟು, ಹೆಚ್ಚು ಹೋದ ದಿನಗಳಲ್ಲಿ ಬಳಸಿದ ಪ್ಯಾಡುಗಳ ಸಂಖ್ಯೆ, ಗೆಡ್ಡೆ ಬಿದ್ದಿದ್ದರೆ ಅದರ ಗುರುತು, ಎರಡು ಮುಟ್ಟಿನ ನಡುವೆ ಅಥವಾ ಸಂಪರ್ಕದ ನಂತರ ಕಲೆಯಾಗಿದ್ದರೆ ಅದರ ಗುರುತು. ಬಟ್ಟೆ ಬಳಸುವವರು ದಿನಕ್ಕೆ ಎಷ್ಟು ಸಲ ಬದಲಾಯಿಸಬೇಕಾಯಿತು ಎಂದು ಬರೆದರೆ ಸಾಕು.

ಉದಾಹರಣೆಗೆ, ನಲವತ್ತಾರು ವರ್ಷದ ಒಬ್ಬರ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ ದಿನಗಳು ಜನವರಿ 4, ಜನವರಿ 29, ಮಾರ್ಚ್ 6, ಮಾರ್ಚ್ 30, ಜೂನ್ 8 ಎಂದಿರಲಿ. ನಡುವಿನ ಅಂತರ ಎಣಿಸಿದರೆ 25, 36, 24 ಮತ್ತು 70 ದಿನ. ಅಕ್ಕಪಕ್ಕದ ಎರಡು ಚಕ್ರಗಳ ನಡುವೆ ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಪದೇಪದೇ ಬರತೊಡಗಿದರೆ ಅದು ಪೆರಿಮೆನೋಪಾಸಿನ ಮೊದಲ ಹಂತ ಎಂದು ತಜ್ಞರು ಗುರುತಿಸುತ್ತಾರೆ. ಇಲ್ಲಿ 25ರಿಂದ 36ಕ್ಕೆ, 36ರಿಂದ 24ಕ್ಕೆ ಜಿಗಿದಿರುವುದು ಅದನ್ನೇ ಹೇಳುತ್ತದೆ. ಅರವತ್ತು ದಿನ ಮೀರಿದ ಅಂತರ ಕಂಡುಬಂದರೆ ಎರಡನೆಯ ಹಂತ ಆರಂಭವಾಗಿದೆ ಎಂದರ್ಥ, ಅಲ್ಲಿಂದ ಋತುಬಂಧಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ಆದ್ದರಿಂದ ಈ ಎಪ್ಪತ್ತು ದಿನದ ಅಂತರವೇ ಗಾಬರಿಯ ವಿಷಯವಲ್ಲ. ಆದರೆ ಜೂನ್ 8ರಂದು ಶುರುವಾದದ್ದಕ್ಕೆ ಗೀಟು ಬಿದ್ದದ್ದು ಜೂನ್ 19ಕ್ಕೆ, ನಡುವಿನ ಮೂರು ದಿನ ಹತ್ತು ಹತ್ತು ಪ್ಯಾಡ್ ಎಂದು ಬರೆದಿದ್ದರೆ, ಅವರು ವೈದ್ಯರ ಬಳಿ ಹೋಗಬೇಕಾದದ್ದು ಆ ಸಾಲಿನ ಸಲುವಾಗಿ.

ನಮ್ಮ ಮನೆಗಳಲ್ಲಿ ಈ ಲೆಕ್ಕವನ್ನು ಕೆಡಿಸುವ ಇನ್ನೊಂದು ಸಂಗತಿಯಿದೆ. ಗೃಹಪ್ರವೇಶ, ವರಮಹಾಲಕ್ಷ್ಮಿ ಪೂಜೆ, ತಿರುಪತಿಯ ಪ್ರಯಾಣ ಎಂದು ಮುಟ್ಟು ಮುಂದಕ್ಕೆ ಹಾಕುವ ಮಾತ್ರೆಯನ್ನು ಅಂಗಡಿಯಿಂದ ತರಿಸಿ ನುಂಗುವುದು ಎಷ್ಟೋ ಮಂದಿಗೆ ಅಭ್ಯಾಸವಾಗಿದೆ. ಅದು ನಾರೆಥಿಸ್ಟರಾನ್ ಎಂಬ, ಪ್ರೊಜೆಸ್ಟರಾನ್ ಗುಂಪಿನ ಔಷಧ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ, ಕೆಲವೊಮ್ಮೆ ಜೋರಾಗಿಯೇ ಆಗುತ್ತದೆ. ಈ ವಯಸ್ಸಿನಲ್ಲಿ ಮುಟ್ಟಿನ ದಿನವೇ ಗೊತ್ತಿಲ್ಲದಿರುವಾಗ ಮಾತ್ರೆ ಯಾವಾಗ ಶುರುಮಾಡಬೇಕೆಂಬುದೂ ಅಂದಾಜಿನ ಮಾತಾಗುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಚರಿತ್ರೆ, ಲಿವರ್ ಕಾಯಿಲೆ, ಸ್ತನ ಕ್ಯಾನ್ಸರ್ ಇರುವವರು ಇದನ್ನು ಮುಟ್ಟಲೇಬಾರದು. ಉಳಿದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಮತ್ತು ತೆಗೆದುಕೊಂಡ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಬೇಕು. ದೇವರ ಕೋಣೆಗೆ ಹೋಗುವುದು ಬಿಡುವುದು ಅವರವರ ನಂಬಿಕೆ. ಗುರುತು ಹಾಕದಿದ್ದರೆ ಮಾತ್ರ ವೈದ್ಯರು ಮಾತ್ರೆಯ ಪರಿಣಾಮವನ್ನು ಕಾಯಿಲೆಯೆಂದು ತಪ್ಪಾಗಿ ಓದುವ ಸಾಧ್ಯತೆ ಇರುತ್ತದೆ.

ಬೇರೆ ಕಾರಣಗಳಿವೆಯೇ ಎಂದು ನೋಡುವುದು

ನಲವತ್ತೈದು ದಾಟಿ, ಮುಟ್ಟು ಏರುಪೇರಾಗಿ, ಆಗಾಗ ಮೈ ಬಿಸಿಯಾಗಿ ಬೆವರುತ್ತಿದ್ದರೆ ಅದು ಪೆರಿಮೆನೋಪಾಸ್ ಎಂದು ಹೇಳಲು ಯಾವ ಹಾರ್ಮೋನ್ ಪರೀಕ್ಷೆಯೂ ಬೇಕಾಗಿಲ್ಲ. ಲ್ಯಾಬುಗಳು ‘ಮಹಿಳಾ ಹಾರ್ಮೋನ್ ಪ್ಯಾಕೇಜ್’ ಎಂದು ಸಾವಿರಾರು ರೂಪಾಯಿಗೆ ಮಾರುವ ಪಟ್ಟಿಯಲ್ಲಿರುವ ಎಫ್‌ಎಸ್‌ಎಚ್ ಈ ತಿಂಗಳು ಹೆಚ್ಚಿದ್ದು ಮುಂದಿನ ತಿಂಗಳು ಮಾಮೂಲಿಗೆ ಮರಳಬಹುದು. ಅದು ಮಾಮೂಲಿ ಇದ್ದರೆ ಪೆರಿಮೆನೋಪಾಸ್ ಅಲ್ಲವೆಂದೂ ಅಲ್ಲ, ಹೆಚ್ಚಿದ್ದರೆ ಗರ್ಭ ನಿಲ್ಲುವುದಿಲ್ಲವೆಂದೂ ಅಲ್ಲ. ಗರ್ಭನಿರೋಧಕ ಗುಳಿಗೆ ನುಂಗುತ್ತಿರುವವರಲ್ಲಂತೂ ಆ ಅಂಕಿಗೆ ಬೆಲೆಯೇ ಇಲ್ಲ. ನಲವತ್ತರಿಂದ ನಲವತ್ತೈದರ ನಡುವಿನವರಿಗೆ ಅನುಮಾನವಿದ್ದಾಗ ವೈದ್ಯರು ಅದನ್ನು ಬರೆಯಬಹುದು. ನಲವತ್ತರ ಒಳಗೆ ಮೂರು ನಾಲ್ಕು ತಿಂಗಳು ಮುಟ್ಟು ನಿಂತರೆ ವಿಷಯವೇ ಬೇರೆ. ಅಂಡಾಶಯ ಅಕಾಲದಲ್ಲಿ ಸೋತಿದೆಯೇ ಎಂದು ಎಫ್‌ಎಸ್‌ಎಚ್ ನೋಡಲೇಬೇಕು, ಅಗತ್ಯವಿದ್ದರೆ ನಾಲ್ಕಾರು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಅಂಥವರಿಗೆ ಮೂಳೆ ಮತ್ತು ಹೃದಯದ ರಕ್ಷಣೆಗಾಗಿ ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆ ಬೇಕಾಗುತ್ತದೆ.

ಹಣ ಖರ್ಚು ಮಾಡುವುದಾದರೆ ಥೈರಾಯ್ಡ್ ನೋಡುವ ಟಿಎಸ್‌ಎಚ್ ಮತ್ತು ಹಿಮೋಗ್ಲೋಬಿನ್‌ಗೆ ಮಾಡುವುದು ಮೇಲು. ಥೈರಾಯ್ಡ್ ಗ್ರಂಥಿಯ ತೊಂದರೆ ಈ ವಯಸ್ಸಿನಲ್ಲಿ ಸಾಮಾನ್ಯ, ಮತ್ತು ಅದು ಪೆರಿಮೆನೋಪಾಸಿನ ಹಾಗೆಯೇ ಕಾಣುತ್ತದೆ: ಗ್ರಂಥಿ ಮಂದವಾದರೆ ಸುಸ್ತು, ತೂಕ ಏರುವುದು, ಅತಿ ರಕ್ತಸ್ರಾವ, ಚುರುಕಾದರೆ ಬೆವರು, ಎದೆ ಡವಗುಟ್ಟುವುದು, ಮುಟ್ಟು ವಿರಳವಾಗುವುದು. ಮೊಲೆಯಿಂದ ಹಾಲಿನಂಥ ದ್ರವ ಬರುತ್ತಿದ್ದರೆ ಹಾಲು ತರಿಸುವ ಹಾರ್ಮೋನ್ ಆದ ಪ್ರೊಲ್ಯಾಕ್ಟಿನ್ ಎಷ್ಟಿದೆಯೆಂದು ನೋಡಬೇಕು. ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು, ವಾಂತಿ ಮತ್ತು ಹೊಟ್ಟೆ ಉಬ್ಬರಕ್ಕೆ ಕೊಡುವ ಡೊಂಪೆರಿಡಾನ್ ಕೂಡ ಪ್ರೊಲ್ಯಾಕ್ಟಿನ್ ಏರಿಸಿ ಮುಟ್ಟು ನಿಲ್ಲಿಸಬಲ್ಲವು. ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದು ಹಾಕಿಸಿಕೊಂಡವರಿಗೆ ಮುಟ್ಟು ನಿಲ್ಲುವುದು ಆ ಚುಚ್ಚುಮದ್ದಿನಿಂದಲೇ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ, ನಾಟಿ ಔಷಧಿಯ ಡಬ್ಬಿಯಿದ್ದರೆ ಅದನ್ನೂ, ಚೀಲದಲ್ಲಿ ಹಾಕಿಕೊಂಡು ಹೋಗಿ.

ರಕ್ತಸ್ರಾವ ಹೆಚ್ಚಾದರೆ

ಎಷ್ಟು ಹೋದರೆ ಹೆಚ್ಚು ಎಂಬ ಪ್ರಶ್ನೆಗೆ ಮಿಲಿಲೀಟರಿನ ಲೆಕ್ಕ ಮನೆಯಲ್ಲಿ ಉಪಯೋಗಕ್ಕೆ ಬಾರದು. ಏಳು ದಿನಕ್ಕಿಂತ ಹೆಚ್ಚು ಹೋಗುವುದು, ಇಪ್ಪತ್ತೊಂದು ದಿನದೊಳಗೆ ಮತ್ತೆ ಆಗುವುದು, ರಾತ್ರಿ ಪ್ಯಾಡ್ ಬದಲಾಯಿಸಲೆಂದೇ ಏಳಬೇಕಾಗುವುದು, ಒಂದರ ಮೇಲೊಂದು ಎರಡು ಪ್ಯಾಡ್ ಇಟ್ಟುಕೊಳ್ಳಬೇಕಾಗುವುದು, ದೊಡ್ಡ ಗೆಡ್ಡೆಗಳು ಬೀಳುವುದು, ಬಸ್ಸಿನ ಸೀಟಿಗೆ ಕಲೆಯಾದೀತೆಂದು ಕೆಲಸಕ್ಕೆ ಹೋಗದೆ ಉಳಿಯುವುದು: ಇವುಗಳಲ್ಲಿ ಯಾವುದಿದ್ದರೂ ಅದು ಹೆಚ್ಚೇ. ಎರಡು ಮುಟ್ಟಿನ ನಡುವೆ ರಕ್ತ ಕಾಣುವುದು ಮತ್ತು ಸಂಪರ್ಕದ ನಂತರ ರಕ್ತ ಕಾಣುವುದು ಪ್ರಮಾಣದಲ್ಲಿ ಕಡಿಮೆಯಿದ್ದರೂ ಪರೀಕ್ಷೆಗೆ ಅರ್ಹ, ಏಕೆಂದರೆ ಗರ್ಭಕಂಠದ ಕ್ಯಾನ್ಸರ್ ಮೊದಲು ಹೀಗೆ ಕಾಣಿಸಿಕೊಳ್ಳಬಹುದು. ಗಂಟೆಗೊಂದು ಪ್ಯಾಡ್ ತೊಯ್ಯುತ್ತಾ ಎರಡು ಮೂರು ಗಂಟೆ ಕಳೆದರೆ, ಅಥವಾ ನಿಂತರೆ ಕಣ್ಣು ಕತ್ತಲೆ ಬಂದರೆ, ಬೆಳಗಾಗಲೆಂದು ಕಾಯಬಾರದು.

ಸ್ತ್ರೀರೋಗ ತಜ್ಞರು ಹೊಟ್ಟೆ ಮುಟ್ಟಿ ನೋಡಿ, ಒಳಪರೀಕ್ಷೆ ಮಾಡಿ, ಹಿಮೋಗ್ಲೋಬಿನ್ ಮತ್ತು ಸ್ಕ್ಯಾನ್ ಬರೆಯುತ್ತಾರೆ. ಗರ್ಭಕೋಶದ ಗೆಡ್ಡೆ ಅಂದರೆ ಫೈಬ್ರಾಯ್ಡ್, ಒಳಪದರದಿಂದ ಜೋತುಬೀಳುವ ಪುಟ್ಟ ಗಂಟು ಅಂದರೆ ಪಾಲಿಪ್, ದಪ್ಪಗಾದ ಒಳಪದರ ಇವು ಸ್ಕ್ಯಾನಿನಲ್ಲಿ ಕಾಣುತ್ತವೆ. ನಲವತ್ತೈದು ದಾಟಿದವರಲ್ಲಿ, ಅದರಲ್ಲೂ ತೂಕ ಹೆಚ್ಚಿರುವವರಲ್ಲಿ, ಸಕ್ಕರೆ ಕಾಯಿಲೆ ಅಥವಾ ಹಿಂದಿನಿಂದಲೂ ಪಿಸಿಓಡಿ ಎಂಬ ಅಂಡಾಶಯದ ಹಾರ್ಮೋನ್ ತೊಂದರೆ ಇರುವವರಲ್ಲಿ, ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ನುಂಗುತ್ತಿರುವವರಲ್ಲಿ ಒಳಪದರದ ಚೂರನ್ನು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ತೆಳುವಾದ ಕೊಳವೆಯಿಂದ ಹೊರರೋಗಿ ವಿಭಾಗದಲ್ಲೇ ಮುಗಿಯುವ ಕೆಲಸ ಇದು; ಮುಟ್ಟಿನ ನೋವಿನಂಥ ಹಿಂಡಿದ ನೋವು ಕೆಲ ನಿಮಿಷ ಇರುತ್ತದೆ. ‘ಬಯಾಪ್ಸಿ ಎಂದರೆ ಕ್ಯಾನ್ಸರ್’ ಎಂದು ಹೆದರಿ ಬಿಟ್ಟುಹೋಗುವವರಿದ್ದಾರೆ. ಆದರೆ ಹೆಚ್ಚಿನವರ ವರದಿಯಲ್ಲಿ ಬರುವುದು ಹಾರ್ಮೋನಿನ ಏರುಪೇರು ಮಾತ್ರ, ಉಳಿದ ಕೆಲವರಿಗೆ ಕಾಯಿಲೆಯನ್ನು ಗುಣವಾಗುವ ಹಂತದಲ್ಲೇ ಹಿಡಿಯಲು ಇರುವ ದಾರಿಯೂ ಇದೊಂದೇ.

ಬಯಾಪ್ಸಿಯಲ್ಲಿ ಆತಂಕವಿಲ್ಲದಿದ್ದರೆ ಚಿಕಿತ್ಸೆ ಸುಲಭ. ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ರಕ್ತವನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ. ಕೊರತೆಯಾದ ಪ್ರೊಜೆಸ್ಟರಾನನ್ನು ಮಾತ್ರೆಯಾಗಿ ತಿಂಗಳಿಗಿಷ್ಟು ದಿನ ಎಂದು ಕೊಡುತ್ತಾರೆ. ನನ್ನ ದೃಷ್ಟಿಯಲ್ಲಿ ಈ ವಯಸ್ಸಿನವರಿಗೆ ಹೆಚ್ಚು ಹೊಂದುವುದು ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ. ಕಾಪರ್ ಟಿಯಂತೆಯೇ ಕಂಡರೂ ಇದರ ಕೆಲಸ ತದ್ವಿರುದ್ಧ, ಒಳಪದರವನ್ನು ತೆಳುವಾಗಿಸಿ ರಕ್ತವನ್ನು ಬಹಳಮಟ್ಟಿಗೆ ನಿಲ್ಲಿಸುತ್ತದೆ, ಗರ್ಭನಿರೋಧಕವೂ ಆಗುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಮೊದಲ ಮೂರರಿಂದ ಆರು ತಿಂಗಳು ಅಲ್ಲಷ್ಟು ಇಲ್ಲಷ್ಟು ಕಲೆಯಾಗುವುದನ್ನು ಸಹಿಸಬೇಕು; ಇದನ್ನು ಮುಂಚೆಯೇ ಹೇಳದ ಕಾರಣ ಎರಡೇ ತಿಂಗಳಿಗೆ ತೆಗೆಸಿಹಾಕುವವರು ಬಹಳ.

ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಸೊಪ್ಪು, ಹುರುಳಿ, ಬೆಲ್ಲದಿಂದಲೇ ಅದನ್ನು ಸರಿಪಡಿಸುತ್ತೇನೆಂದರೆ ಆಗದು, ಕಬ್ಬಿಣಾಂಶದ ಮಾತ್ರೆ ಬೇಕೇ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸ ಅಡ್ಡಬರುತ್ತದೆ. ಬೆಳಗಿನ ತಿಂಡಿಯಾದ ಕೂಡಲೇ ಮಾತ್ರೆ, ಅದರ ಹಿಂದೆಯೇ ಲೋಟದ ತುಂಬ ಕಾಫಿ ಎಂದರೆ ಕಬ್ಬಿಣದ ಬಹುಪಾಲು ಮೈಗೆ ಹತ್ತುವುದಿಲ್ಲ. ಕಾಫಿ, ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವೆಲ್ಲಕ್ಕೂ ಮಾತ್ರೆಗೂ ನಡುವೆ ಒಂದೆರಡು ಗಂಟೆ ಅಂತರವಿರಲಿ, ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಇನ್ನೂ ಒಳ್ಳೆಯದು. ಮಲ ಕಪ್ಪಾಗುವುದಕ್ಕೆ ಹೆದರಬೇಡಿ. ಹಿಮೋಗ್ಲೋಬಿನ್ ಮಾಮೂಲಿಗೆ ಬಂದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು, ಇಲ್ಲದಿದ್ದರೆ ಮುಂದಿನ ಜೋರು ಮುಟ್ಟಿಗೆ ಮತ್ತೆ ಇಳಿಯುತ್ತದೆ.

ಗರ್ಭಕೋಶ ತೆಗೆಸುವ ಮಾತು ಬಂದಾಗ

‘ಮಕ್ಕಳಾಗಿವೆ, ಇನ್ನೇನು ಕೆಲಸ ಅದಕ್ಕೆ, ತೆಗೆಸಿಬಿಡಿ’ ಎಂಬ ಸಲಹೆ ಆಸ್ಪತ್ರೆಯಿಂದಲೂ ಬರುತ್ತದೆ, ಅತ್ತಿಗೆ ನಾದಿನಿಯರಿಂದಲೂ ಬರುತ್ತದೆ. ಕ್ಯಾನ್ಸರ್, ಬಹಳ ದೊಡ್ಡ ಫೈಬ್ರಾಯ್ಡ್, ಔಷಧಕ್ಕೆ ಜಗ್ಗದ ರಕ್ತಸ್ರಾವ ಇವಕ್ಕೆ ಶಸ್ತ್ರಚಿಕಿತ್ಸೆ ನ್ಯಾಯವಾದದ್ದೇ. ಬರೀ ಬಿಳಿಸೆರಗು, ಸೊಂಟನೋವು, ಮುಟ್ಟಿನ ಏರುಪೇರು ಕಾರಣವಾದರೆ ಅಲ್ಲ. ದೇಶದಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯುವುದು ಎಷ್ಟು ಹಬ್ಬಿತ್ತೆಂದರೆ ಅದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು, ಎಲ್ಲ ರಾಜ್ಯಗಳೂ ಅದನ್ನು ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ನಿರ್ದೇಶಿಸಬೇಕಾಯಿತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ಬಯಾಪ್ಸಿ ವರದಿಯಲ್ಲಿ ಏನಿದೆ, ಮಾತ್ರೆ ಅಥವಾ ಹಾರ್ಮೋನ್ ಸಾಧನ ಪ್ರಯತ್ನಿಸಿದ್ದಾಗಿದೆಯೇ, ಅಂಡಾಶಯಗಳನ್ನೂ ತೆಗೆಯುತ್ತೀರಾ ಅಥವಾ ಉಳಿಸುತ್ತೀರಾ. ಮೂರನೆಯದು ಮುಖ್ಯ. ಅಂಡಾಶಯಗಳನ್ನೂ ತೆಗೆದರೆ ವರ್ಷಗಳಲ್ಲಿ ಆಗಬೇಕಾದ ಇಳಿಕೆ ಒಂದೇ ದಿನದಲ್ಲಿ ಆಗುತ್ತದೆ, ನಲವತ್ತೈದರ ಒಳಗಾದರೆ ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಹೆಚ್ಚುತ್ತದೆ. ಅಂಡಾಶಯ ಉಳಿಸಿಕೊಂಡವರಿಗೆ ಮುಟ್ಟಿನ ಗುರುತು ಇಲ್ಲದಿದ್ದರೂ ಹಾರ್ಮೋನಿನ ಏರುಪೇರು ಮುಂದುವರಿಯುತ್ತದೆ. ಅವರು ಸೆಕೆ, ನಿದ್ದೆಗೇಡು, ಕಿರಿಕಿರಿಯಂಥ ಲಕ್ಷಣಗಳಿಂದಲೇ ಅದನ್ನು ಗುರುತಿಸಬೇಕು. ಮತ್ತೊಬ್ಬ ವೈದ್ಯರ ಅಭಿಪ್ರಾಯ ಕೇಳುವುದರಿಂದ ಮೊದಲನೆಯವರಿಗೆ ಅವಮಾನವೇನೂ ಆಗುವುದಿಲ್ಲ.

ಮೈ ಬಿಸಿ, ನಿದ್ದೆ, ಮನಸ್ಸು

ದೋಸೆ ಹುಯ್ಯುತ್ತಾ ಒಲೆಯ ಮುಂದೆ ನಿಂತಿರುವಾಗ ಎದೆಯಿಂದ ಕುತ್ತಿಗೆ, ಮುಖಕ್ಕೆ ಬಿಸಿ ಏರಿ, ಎರಡು ಮೂರು ನಿಮಿಷದಲ್ಲಿ ಬೆವರು ಸುರಿದು, ಆಮೇಲೆ ಚಳಿಯೆನಿಸುವುದು ಈ ಅವಧಿಯ ವಿಶಿಷ್ಟ ಲಕ್ಷಣ. ಇಂಥದ್ದು ರಾತ್ರಿ ಹಲವು ಸಲ ಆದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮರುದಿನ ಮರೆವು, ಸಿಡುಕು. ಹತ್ತಿ ಬಟ್ಟೆ, ಗಾಳಿ, ರಾತ್ರಿಯ ಕಾಫಿ ಬಿಡುವುದು, ತೂಕ ಇಳಿಸುವುದು ಸ್ವಲ್ಪ ಅನುಕೂಲ. ತೊಂದರೆ ತೀವ್ರವಿದ್ದರೆ ಹಾರ್ಮೋನ್ ಚಿಕಿತ್ಸೆಯಷ್ಟು ಪರಿಣಾಮಕಾರಿಯಾದದ್ದು ಬೇರೆ ಇಲ್ಲ. ಅರವತ್ತರ ಒಳಗಿನ, ಬೇರೆ ತೊಡಕಿಲ್ಲದ ಹೆಂಗಸಿಗೆ ಅದರ ಲಾಭ ಸಾಮಾನ್ಯವಾಗಿ ಅಪಾಯಕ್ಕಿಂತ ಹೆಚ್ಚು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡುವಂತಿಲ್ಲ, ಪ್ರೊಜೆಸ್ಟರಾನ್ ಜೊತೆಗಿರಲೇಬೇಕು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಚರಿತ್ರೆ, ಪಾರ್ಶ್ವವಾಯು, ತೀವ್ರ ಲಿವರ್ ಕಾಯಿಲೆ ಇರುವವರಿಗೆ ಮತ್ತು ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಲ್ಲ. ಅಂಥವರಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ.

ಮನಸ್ಸು ಕುಗ್ಗಿ, ಯಾವುದರಲ್ಲೂ ಆಸಕ್ತಿಯಿಲ್ಲದೆ ಎರಡು ವಾರ ಮೀರಿದರೆ ಅದನ್ನು ಹಾರ್ಮೋನಿನ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಆಪ್ತಸಮಾಲೋಚಕರೊಡನೆ ಮಾತನಾಡಬಹುದು. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ, ಸ್ತನ ಮತ್ತು ಗರ್ಭಕಂಠದ ತಪಾಸಣೆಯ ವ್ಯವಸ್ಥೆಯಿದೆ; ಮುಟ್ಟಿನ ವಿಷಯಕ್ಕೆಂದು ಹೋದ ದಿನವೇ ಅದನ್ನೂ ಮುಗಿಸಿಕೊಳ್ಳುವುದು ಜಾಣತನ.

ಹನ್ನೆರಡು ತಿಂಗಳು ತುಂಬಿದ ಮೇಲೆ

ಹತ್ತು ತಿಂಗಳು ಖಾಲಿ ಹೋಗಿ ಹನ್ನೊಂದನೆಯ ತಿಂಗಳಿಗೆ ಮುಟ್ಟಾದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಹನ್ನೆರಡು ತುಂಬಿದ ಮೇಲೆ ಕಂಡ ರಕ್ತವನ್ನು ಮಾತ್ರ ಮುಟ್ಟು ಎಂದು ಕರೆಯಬಾರದು, ಅದು ಒಂದು ಹನಿಯಾದರೂ, ನೋವಿಲ್ಲದಿದ್ದರೂ, ತಾನಾಗಿ ನಿಂತುಹೋದರೂ ಸರಿ. ಎಷ್ಟೋ ಸಲ ಅದಕ್ಕೆ ಯೋನಿಯ ಒಳಚರ್ಮ ಒಣಗಿ ತೆಳುವಾಗಿರುವುದೇ ಕಾರಣವಾಗಿರುತ್ತದೆ, ಹಚ್ಚುವ ಈಸ್ಟ್ರೋಜನ್ ಕ್ರೀಮಿನಿಂದ ಗುಣವಾಗುತ್ತದೆ. ಕೆಲವರಲ್ಲಿ ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಸೂಚನೆ. ಎರಡನ್ನೂ ಬೇರ್ಪಡಿಸಲು ಸ್ಕ್ಯಾನಿನಲ್ಲಿ ಒಳಪದರದ ದಪ್ಪ ನೋಡುತ್ತಾರೆ. 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ, ಅಥವಾ ಕಡಿಮೆಯಿದ್ದೂ ರಕ್ತ ಮರುಕಳಿಸುತ್ತಿದ್ದರೆ, ಬಯಾಪ್ಸಿ ಮಾಡುತ್ತಾರೆ. ಹಬ್ಬ ಮುಗಿಯಲಿ, ಮಗನ ಪರೀಕ್ಷೆ ಮುಗಿಯಲಿ ಎಂದು ತಿಂಗಳುಗಟ್ಟಲೆ ಮುಂದೂಡದೆ ಒಂದೆರಡು ವಾರದೊಳಗೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು.